ಬಸ್ಸಿನ ಕಂಬಿ

ದಾಸರಹಳ್ಳಿಯ ಆ ಮನೆಗೆ ವಾರಕ್ಕೆ ಎರಡು ಸಲ ಪಾಠ ಹೇಳಲು ಹೋಗುತ್ತಿದ್ದೆ. ಹುಡುಗಿಗೆ ಆಗ ಆರು ವರ್ಷ. ಬಸುರಿಯಾಗಿದ್ದಾಗ ತಾಯಿಗೆ ರುಬೆಲ್ಲಾ ಎಂಬ ವೈರಸ್ ಸೋಂಕು ತಗುಲಿ, ಮಗುವಿಗೆ ಹುಟ್ಟುವಾಗಲೇ ಎರಡೂ ಕಣ್ಣಿಗೆ ಪೊರೆ, ಕಿವಿಯೂ ಕೇಳದು. ಪೊರೆ ತೆಗೆಸಿದ ಮೇಲೂ ಬೆಳಕು-ನೆರಳಷ್ಟೇ ಗೊತ್ತಾಗುತ್ತಿತ್ತು. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದದ್ದು 2017ರ ಫೆಬ್ರವರಿಯಲ್ಲಿ. ಇವಳು ಅದಕ್ಕಿಂತ ಮೊದಲೇ ಹುಟ್ಟಿದವಳು.

"ಹೊರಗೆ ಕರ್ಕೊಂಡು ಹೊರಟ್ರೆ ಸಾಕು ಮೇಡಂ, ಕಿರುಚಿ ಕಚ್ತಾಳೆ" ಅನ್ನುತ್ತಿದ್ದರು ಅಮ್ಮ. ಎಲ್ಲಿಗೆ, ಯಾಕೆ ಎಂದು ತಿಳಿಸದೆ ನಮ್ಮನ್ನು ಹಾಗೆ ಎತ್ತಿಕೊಂಡು ಹೋದರೆ ನಾವೂ ಕಚ್ಚುತ್ತೇವೆ.

ಅದಕ್ಕೇ ಕೈಗೆ ವಸ್ತು ಕೊಟ್ಟು ಹೇಳುವ ಕ್ರಮ ಶುರು ಮಾಡಿದೆ. ಊಟಕ್ಕೆ ಮೊದಲು ಅವಳ ಚಮಚ, ಸ್ನಾನಕ್ಕೆ ಚೊಂಬು. ಎರಡು ತಿಂಗಳಲ್ಲಿ ಚೊಂಬು ಮುಟ್ಟಿದರೆ ಫ್ರಾಕ್ ಬಿಚ್ಚಲು ನೋಡುತ್ತಿದ್ದಳು. ಬಸ್ಸಿಗೆ? ನಾನೇ ಆಟಿಕೆ ಬಸ್ಸೊಂದನ್ನು ಕೊಂಡು ತಂದೆ. ಮೂರು ವಾರ ಕೊಟ್ಟೆವು. ಚಕ್ರ ತಿರುಗಿಸಿ ಎಸೆಯುತ್ತಿದ್ದಳು; ಹೊಸ್ತಿಲು ದಾಟಿದರೆ ಅದೇ ರಂಪ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಒಂದು ದಿನ ಅಂದರು: "ಅದು ಬಸ್ಸು ಅಂತ ಅವಳಿಗೆ ಹೆಂಗೆ ಗೊತ್ತಾಗ್ಬೇಕು ಕಣಮ್ಮ? ಅವಳೇನು ಬಸ್ಸನ್ನ ನೋಡವ್ಳಾ? ಹತ್ತಿದ್ ತಕ್ಷಣ ಕಂಬಿ ಹಿಡ್ಕೊಂಡ್ರೆ ಇಳಿಯೋವರ್ಗೂ ಬಿಡಲ್ಲ."

ಆಟಿಕೆ ಬಸ್ಸಿನ ಹಾಗಿರುವುದು ಕಣ್ಣಿದ್ದವರಿಗೆ ಮಾತ್ರ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ನನಗೆ ಹೊಳೆದಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಅಡಿ ಸ್ಟೀಲ್ ಪೈಪು ಕೊಯ್ಸಿ, ತುದಿ ಉಜ್ಜಿಸಿ ತಂದೆ.

ಕೊಡುವ ರೀತಿಯೂ ಮುಖ್ಯ. ಅವಳ ಕೈ ಹಿಡಿದು ಎಳೆಯಬಾರದು. ನಮ್ಮ ಕೈಯನ್ನು ಅವಳ ಅಂಗೈ ಕೆಳಗೆ ಜಾರಿಸಿ, ಜೊತೆಯಲ್ಲೇ ಪೈಪಿನವರೆಗೆ ಹೋಗಿ, ಕಾಯಬೇಕು. ಅಮ್ಮನಿಗೆ ಕಷ್ಟವಾದದ್ದು ಈ ಕಾಯುವುದೇ. "ಬಸ್ಸು ಹೋಗ್ಬಿಡತ್ತೆ ಮೇಡಂ!" ಒಂದೆರಡು ಸಲ ಹೋಯಿತು ಕೂಡ.

ಈ ನಡುವೆ ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡಿನ ತಲೆನೋವು. ಅದರಲ್ಲಿ ಬರೀ ಶ್ರವಣದೋಷ ಎಂದು ನಮೂದಾಗಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಣ್ಣು-ಕಿವಿ ಎರಡರ ದೋಷವೂ ಇದ್ದರೆ ಅದು ಬಹು ಅಂಗವೈಕಲ್ಯದಡಿ ಬರುತ್ತದೆ. 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೂ ಆ ನಮೂದು ಬೇಕು. ತಿದ್ದಿಸಲು ಅಪ್ಪ ಮೂರು ದಿನದ ಕೂಲಿ ಬಿಟ್ಟರು.

ಪೈಪು ತಂದ ಐದನೇ ವಾರ ಕಿರುಚಾಟ ನಿಂತಿತು. ಆಮೇಲೊಂದು ಭಾನುವಾರ ಅಮ್ಮನ ಫೋನ್. ಹುಡುಗಿ ತಾನೇ ಈ ವಸ್ತುಗಳನ್ನಿಡುವ ಡಬ್ಬಿ ತಡಕಿ, ಪೈಪು ತೆಗೆದು ಅಮ್ಮನ ಮಡಿಲಿಗೆ ಹಾಕಿದ್ದಳಂತೆ. ಅವತ್ತು ಎಲ್ಲಿಗೂ ಹೋಗುವುದಿರಲಿಲ್ಲ. ಇಬ್ಬರೂ ಚಪ್ಪಲಿ ಮೆಟ್ಟಿ, ಎರಡು ಸ್ಟಾಪು ಹೋಗಿ ಬಂದರಂತೆ.