ಕೆಲಸ ಬಿಟ್ಟ ಕೂಡಲೇ ಪಿಎಫ್ ತೆಗೆಯುವ ಮುಂಚೆ ಇದನ್ನು ಓದಿ

ನನ್ನ ತಂಗಿ ಕೆಲವು ವರ್ಷದ ಹಿಂದೆ ಕಂಪನಿ ಬಿಟ್ಟಾಗ ಪಿಎಫ್ ಪೂರ್ತಿ ತೆಗೆದಳು. 90,000 ಬರಬೇಕಿತ್ತು, ಬ್ಯಾಂಕಿಗೆ ಬಿದ್ದಿದ್ದು 81,000. ಮೆಸೇಜ್ ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಉಳಿದ 9,000 ಟಿಡಿಎಸ್, ಅಂದರೆ ಹಣ ಕೊಡುವ ಮುಂಚೆಯೇ ಹಿಡಿದ ತೆರಿಗೆ ಆಗಿತ್ತು.

ಕಾರಣ ಇಷ್ಟೇ. ಐದು ವರ್ಷ ಸತತ ಸೇವೆ ಆಗದೆ ಪಿಎಫ್ ತೆಗೆದರೆ ಅದಕ್ಕೆ ತೆರಿಗೆ ಇದೆ. ಮೊತ್ತ 50,000 ಅಥವಾ ಜಾಸ್ತಿ ಇದ್ದರೆ 10% ಹಿಡಿದೇ ಕೊಡುತ್ತಾರೆ. ಆದರೆ ಅವಳು ಹಿಂದಿನ ಕಂಪನಿಯಲ್ಲೂ ಮೂರು ವರ್ಷ ಇದ್ದಳು! ಆ ಖಾತೆಯನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿದ್ದರೆ ಎರಡೂ ಸೇವೆ ಸೇರಿ ಐದು ವರ್ಷ ದಾಟುತ್ತಿತ್ತು, ತೆರಿಗೆಯೇ ಇರುತ್ತಿರಲಿಲ್ಲ. ಹಾಗಾಗಿ ದಯವಿಟ್ಟು ಮೊದಲು ಟ್ರಾನ್ಸ್‌ಫರ್ ಮಾಡಿಸಿ. ಅನಾರೋಗ್ಯದಿಂದ ಕೆಲಸ ಹೋದರೆ, ಕಂಪನಿಯೇ ಮುಚ್ಚಿದರೆ ಐದು ವರ್ಷದ ಲೆಕ್ಕ ಇಲ್ಲ. ಟಿಡಿಎಸ್ ಹೋಗಿದೆ, ಆದರೆ ಆ ವರ್ಷ ನಿಮಗೆ ತೆರಿಗೆಯೇ ಬರಲ್ಲ ಅಂದರೆ ಸುಮ್ನೆ ಬಿಡಬೇಡಿ. ಆದಾಯ ತೆರಿಗೆ ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ.

ರಿಟೈರ್ ಆಗುವವರಿಗೂ ಒಂದು ಮಾತು. ರಜೆ ಹಣವನ್ನು (ಬಳಸದೆ ಉಳಿದ ರಜೆಗೆ ಸಿಗುವ ಹಣ) ಕೆಲಸದಲ್ಲಿ ಇರುವಾಗಲೇ ತಗೊಂಡರೆ ಪೂರ್ತಿ ಮೊತ್ತಕ್ಕೆ ತೆರಿಗೆ. ನಿವೃತ್ತಿಯ ಹೊತ್ತಿಗೆ ತಗೊಂಡರೆ ಖಾಸಗಿ ನೌಕರರಿಗೆ 25 ಲಕ್ಷದವರೆಗೆ ವಿನಾಯಿತಿ ಸಿಗಬಹುದು. ಸಂಬಳ, ಸೇವೆಯ ಲೆಕ್ಕದ ಮೇಲೆ ಕಡಿಮೆಯೂ ಆಗಬಹುದು. ತಿಂಗಳ ಪಿಂಚಣಿಯನ್ನು ರಿಟರ್ನ್‌ನಲ್ಲಿ ಸಂಬಳದ ಹಾಗೇ ತೋರಿಸಬೇಕು. ಆದರೆ ತಂದೆ ತೀರಿಕೊಂಡ ಮೇಲೆ ತಾಯಿಗೆ ಬರುವ ಕುಟುಂಬ ಪಿಂಚಣಿಯನ್ನು ಇತರ ಆದಾಯದಲ್ಲಿ ತೋರಿಸಬೇಕು.