ಮನೆಯಲ್ಲೇ ಪಾಡ್‌ಕಾಸ್ಟ್: ಮೊದಲು ಕೋಣೆ, ಆಮೇಲೆ ಮೈಕ್

ಪಾಡ್‌ಕಾಸ್ಟ್ ಆರಂಭಿಸುವವರಲ್ಲಿ ಅನೇಕರು ಮೊದಲು ದುಬಾರಿ ಮೈಕ್ ಕೊಳ್ಳುತ್ತಾರೆ. ಆಮೇಲೆ ಟೈಲ್ಸ್ ನೆಲದ, ಬರಿಗೋಡೆಯ ಹಾಲ್‌ನಲ್ಲಿ ಕುಳಿತು ಮಾತನಾಡಿ, ದನಿ ಬಾವಿಯೊಳಗಿಂದ ಬಂದಂತಿದೆಯೆಂದು ಬೇಸರಪಡುತ್ತಾರೆ. ಅಭಿಪ್ರಾಯ ಕೇಳಿ ನನಗೆ ಕಳುಹಿಸಿದ ಮೊದಲ ಕಂತುಗಳಲ್ಲಿ ವಿಷಯ ಸೊರಗಿದ್ದು ಕಡಿಮೆ, ದನಿ ಕೆಟ್ಟದ್ದೇ ಹೆಚ್ಚು.

ಮೊದಲ ಹಂತ ಸುಲಭ: ಒಂದೇ ವಿಷಯ ಆರಿಸಿಕೊಂಡು ಮೂರು ಕಂತುಗಳಿಗಾಗುವಷ್ಟು ಟಿಪ್ಪಣಿ ಬರೆದಿಟ್ಟುಕೊಳ್ಳಿ. ಪೂರ್ತಿ ಬರೆದು ಓದಬೇಡಿ.

ಎರಡನೆಯದು ಕೋಣೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಹಿಂದೆ ಝಣತ್ಕಾರ ಉಳಿದರೆ ಅಲ್ಲಿ ಮುದ್ರಿಸಬೇಡಿ. ಗಟ್ಟಿ ಗೋಡೆಗೆ ಬಡಿದು ಮರಳುವ ದನಿ ಕ್ಷಣ ತಡವಾಗಿ ಮೈಕ್ ಸೇರುತ್ತದೆ, ಒಮ್ಮೆ ಸೇರಿದ ಮೇಲೆ ಅದನ್ನು ಪೂರ್ತಿ ಬೇರ್ಪಡಿಸುವುದು ಬಹಳ ಕಷ್ಟ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆಯೇ ಉತ್ತಮ. ಮೈಕ್ ನಿಮ್ಮತ್ತ ಮುಖ ಮಾಡಿರುವುದರಿಂದ ನಿಮ್ಮ ಬೆನ್ನಿನ ಹಿಂದಿನ ಗೋಡೆಯನ್ನೂ ಅದು ಕೇಳಿಸಿಕೊಳ್ಳುತ್ತದೆ. ದಪ್ಪ ಕೌದಿಯನ್ನು ಅಲ್ಲಿ ತೂಗುಹಾಕಿ. ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ ಶ್ರಮ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ತೆಳು ಫೋಮ್ ಹಾಳೆಗಳು ಚೂಪು ದನಿಯನ್ನಷ್ಟೇ ಹೀರಿ, ಗುಂಯ್‌ಗುಡುವ ತಗ್ಗು ದನಿಯನ್ನು ಹಾಗೆಯೇ ಬಿಡುತ್ತವೆ. ಫ್ಯಾನ್ ನಿಲ್ಲಿಸಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ತಗಡಿನ ಸೂರಿನ ಮೇಲೆ ಮಳೆ ಹೊಯ್ಯುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಮನೆಯ ಕೋಣೆಗೆ, ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಮಿಕ್ ಮೈಕ್ ಹೊಂದುತ್ತದೆ. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಬೀದಿಯ ಸದ್ದನ್ನೂ ಎಳೆದುಕೊಳ್ಳುತ್ತದೆ. ಆರಂಭಕ್ಕೆ ವೈರ್ ಇರುವ ಇಯರ್‌ಫೋನಿನ ಮೈಕ್ ಸಾಕು, ಬ್ಲೂಟೂತ್ ಮಾತ್ರ ಬೇಡ: ಅದು ದನಿಯನ್ನು ಫೋನ್ ಕರೆಯಂತೆ ಕಿರಿದಾಗಿಸುತ್ತದೆ.

ಮೈಕ್ ಬಾಯಿಂದ ಒಂದು ಚೋಟು, ಅಂದರೆ ಹೆಬ್ಬೆರಳು ಮತ್ತು ತೋರುಬೆರಳು ಚಾಚಿದಷ್ಟು ದೂರದಲ್ಲಿರಲಿ. ಅಂಗೈಯನ್ನು ತುಟಿಯ ಮುಂದೆ ಹಿಡಿದು ‘ಫಲ’, ‘ಭಾಷೆ’ ಎಂದು ಹೇಳಿ ನೋಡಿ. ಕೈಗೆ ತಾಗುವ ಆ ಗಾಳಿಯೇ ಮೈಕಿಗೆ ‘ಧಪ್’ ಎಂದು ಬಡಿಯುತ್ತದೆ. ಆದ್ದರಿಂದ ಮೈಕನ್ನು ನೇರ ಎದುರಿಗಿಡದೆ, ತುಸು ಪಕ್ಕಕ್ಕಿಟ್ಟು ಬಾಯಿಯತ್ತ ತಿರುಗಿಸಿ. ಜೋರಾಗಿ ನಕ್ಕಾಗಲೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್‌ಗಳ ನಡುವೆ ಇರಬೇಕು, ಏಕೆಂದರೆ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಸರಿಪಡಿಸುವುದು ದುಸ್ತರ. ಮಾತಿಗೆ ಮುನ್ನ 10 ಸೆಕೆಂಡ್ ಮೌನ ಮುದ್ರಿಸಿ, ಸಂಕಲನದಲ್ಲಿ ಬೇಕಾಗುತ್ತದೆ. ಅತಿಥಿ ದೂರದಲ್ಲಿದ್ದರೆ ಕರೆಯನ್ನು ಮುದ್ರಿಸಬೇಡಿ. ಇಬ್ಬರೂ ತಮ್ಮ ತಮ್ಮಲ್ಲೇ ಮುದ್ರಿಸಿಕೊಂಡು, ಆರಂಭದಲ್ಲಿ ತಟ್ಟಿದ ಚಪ್ಪಾಳೆಯ ಗುರುತಿನಿಂದ ಆಮೇಲೆ ಜೋಡಿಸಿ.

ಸಂಕಲನಕ್ಕೆ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಮುದ್ರಿಸಿಟ್ಟ ಮೌನವನ್ನು ಮಾದರಿಯಾಗಿ ತೋರಿಸಿದರೆ ಅದು ಹಿನ್ನೆಲೆಯ ಸದ್ದನ್ನು ತಗ್ಗಿಸುತ್ತದೆ. ಅತಿಯಾದರೆ ದನಿ ನೀರೊಳಗಿನಿಂದ ಬಂದಂತಾಗುತ್ತದೆ. ಪ್ರತಿ ಉಸಿರನ್ನೂ ಕತ್ತರಿಸಬೇಡಿ, ಮಾತು ಯಂತ್ರದಂತಾಗುತ್ತದೆ. ಕೊನೆಗೆ ಲೌಡ್‌ನೆಸ್ ಅನ್ನು, ಅಂದರೆ ಕಂತಿನ ಒಟ್ಟಾರೆ ದನಿಯ ಜೋರನ್ನು, ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಆ ಜೋರನ್ನು ಅಳೆಯುವ ಮಾನ) ಹೊಂದಿಸಿ, ಎಂಪಿ3 ಮಾಡಿ. ಹಿನ್ನೆಲೆಗೆ ಸಿನಿಮಾ ಹಾಡು ಬಳಸಬೇಡಿ. ಹಕ್ಕುದಾರರು ದೂರಿದರೆ ಕಂತನ್ನೇ ತೆಗೆದುಹಾಕುತ್ತಾರೆ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಕಂತುಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಹೋಸ್ಟಿಂಗ್ ಸೇವೆಯೊಂದರಲ್ಲಿ ಕಡತ ಏರಿಸಿ, 3000 × 3000 ಪಿಕ್ಸೆಲ್‌ಗಳ ಚೌಕ ಮುಖಚಿತ್ರ ಸೇರಿಸಿ, ಆ ಸೇವೆ ಕೊಡುವ ಆರ್‌ಎಸ್‌ಎಸ್ ಕೊಂಡಿಯನ್ನು (ಕಂತುಗಳ ಪಟ್ಟಿಯ ವಿಳಾಸ) ಸ್ಪಾಟಿಫೈ ಮತ್ತು ಆ್ಯಪಲ್‌ಗೆ ಒಮ್ಮೆ ಸಲ್ಲಿಸಿದರೆ ಮುಂದಿನ ಕಂತುಗಳು ತಾವಾಗಿಯೇ ತಲುಪುತ್ತವೆ. ಆದರೆ ಪ್ರಕಟಿಸುವ ಮುನ್ನ ಓಡುವ ಬಸ್ಸಿನಲ್ಲಿ ಕುಳಿತು, ಅಗ್ಗದ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ. ಅಲ್ಲಿ ತಿಳಿಯದೆ ಹೋದ ವಾಕ್ಯಗಳನ್ನು ಮನೆಗೆ ಬಂದು ಮತ್ತೆ ಮುದ್ರಿಸಿ.