ಮನೆಗೊಂದು ಗೂಡು: ಮಂಡಗದ್ದೆಯಲ್ಲಿ ನನ್ನ ನಾಲ್ಕು ಮಳೆಗಾಲ

ಈ ಸಲ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಶಿವಮೊಗ್ಗದಿಂದ ತುಂಗಾ ನಡುಗಡ್ಡೆಯ ಪಕ್ಷಿಧಾಮ ಮಂಡಗದ್ದೆಗೆ ಹತ್ತೊಂಬತ್ತೋ ಇಪ್ಪತ್ತೋ ಟ್ರಿಪ್ ಮಾಡಿದೆ. ಎರಡು ಬಿಟ್ಟರೆ ಎಲ್ಲವೂ ಭರ್ತಿ. ಬೆಳಿಗ್ಗೆ ಆರಕ್ಕೆ ಹೊರಟು ಒಂದೇ ಜಾಗ ನೋಡಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವ ಟ್ರಿಪ್ ಇದು. ನಾಲ್ಕು ವರ್ಷದ ಹಿಂದೆ ಇದನ್ನು ಹೇಳಿದಾಗ ಜನರನ್ನು ಟ್ರಿಪ್‌ಗೆ ಕರೆದೊಯ್ಯುವ ನಮ್ಮ ಕೆಲಸದಲ್ಲೇ ಇರುವ ಹಿರಿಯರೊಬ್ಬರು, "ಬೆಳ್ಳಕ್ಕಿ ಗದ್ದೇಲೂ ಇರ್ತವೆ ಕಣಮ್ಮ, ಮೂವತ್ತು ಕಿಲೋಮೀಟರ್ ಹೋಗಿ ನೋಡೋಕೆ ಯಾರು ದುಡ್ಡು ಕೊಡ್ತಾರೆ?" ಎಂದಿದ್ದರು. ಈಗ ಅವರೇ ನನಗೆ ಪಾರ್ಟಿ ಕಳಿಸುತ್ತಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲ ವರ್ಷ ನಾನೂ ಎಲ್ಲರಂತೆಯೇ ಮಾಡಿದೆ. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆ, ಚಿಬ್ಬಲಗುಡ್ಡೆಯ ಮೀನು, ಕವಲೇದುರ್ಗದ ಕೋಟೆ, ಕೊನೆಗೆ ಆಗುಂಬೆ ಸೂರ್ಯಾಸ್ತ, ಎಲ್ಲ ಒಂದೇ ದಿನಕ್ಕೆ. ತೀರ್ಥಹಳ್ಳಿ ರಸ್ತೆಯಲ್ಲಿ ಜಾಗಗಳು ಸಾಲಾಗಿ ಸಿಗುವುದರಿಂದ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಆಗುಂಬೆ ಸೂರ್ಯಾಸ್ತ ಎಂದು ಬರೆದು ದುಡ್ಡು ತಗೊಂಡದ್ದು ನನ್ನದೇ ತಪ್ಪು. ಎರಡು ಸಲ ಹೋದೆವು, ಎರಡು ಸಲವೂ ಮಂಜು. ಎದುರಿಗೆ ನಿಂತವರ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಪಾರ್ಟಿಗೆ ಅರ್ಧ ಹಣ ವಾಪಸ್ ಕೊಟ್ಟೆ. ಕವಲೇದುರ್ಗದ ಕಲ್ಲುಮೆಟ್ಟಿಲಲ್ಲಿ ಒಬ್ಬ ಅಜ್ಜಿ ಜಾರಿದರು, ದೇವರು ದೊಡ್ಡವನು, ಮಂಡಿ ತರಚಿದ್ದಷ್ಟೆ. ರಾತ್ರಿ ಹತ್ತೂವರೆಗೆ ಊರು ಮುಟ್ಟುವಷ್ಟರಲ್ಲಿ ಮಕ್ಕಳೆಲ್ಲ ಸೀಟಿನಲ್ಲೇ ನಿದ್ದೆ. ಆ ವರ್ಷ ಸುಮಾರು ಮೂವತ್ತೆಂಟು ಸಾವಿರ ಕೈಯಿಂದ ಹೋಯಿತು. ಮನೆಯವರು ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದದ್ದೇ ನನಗೆ ಹೆಚ್ಚು ನೋವಾಯಿತು.

ಅರ್ಧ ದಿನದ ಟ್ರಿಪ್‌ಗೆ ದೊಡ್ಡ ತೊಡಕು ಗಾಡಿ. ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ ಅಂದರೆ ದಿನಕ್ಕೆ ಮಿನಿಮಮ್ ಕಿಲೋಮೀಟರ್ ಲೆಕ್ಕ, ಮೇಲೆ ಡ್ರೈವರ್ ಬಾಟಾ. ಅರವತ್ತು-ಎಪ್ಪತ್ತು ಕಿಲೋಮೀಟರ್ ಓಡಿಸಿ ಮುನ್ನೂರು ಕಿಲೋಮೀಟರಿನ ಹಣ ಕೊಡಬೇಕು. ಐದಾರು ಮಾಲೀಕರ ಹತ್ತಿರ ಹೋದೆ. "ಅಕ್ಕಾ, ಆಗಲ್ಲ" ಎಂಬುದೇ ಉತ್ತರ. ಕೊನೆಗೆ ಒಬ್ಬರ ಜೊತೆ ಕೂತು ಲೆಕ್ಕ ಹಾಕಿದೆ. ಆಷಾಢದಲ್ಲಿ ಮದುವೆ ಇಲ್ಲ, ಗಾಡಿ ಶೆಡ್ಡಿನಲ್ಲಿ ನಿಂತಿರುತ್ತದೆ. ಬೆಳಿಗ್ಗೆ ಆರಕ್ಕೆ ಕೊಡಿ, ಹನ್ನೆರಡೂವರೆಗೆ ತೊಳೆದು ವಾಪಸ್ ಕೊಡುತ್ತೇನೆ, ಮಧ್ಯಾಹ್ನದ ಬಾಡಿಗೆ ನಿಮ್ಮದು ಎಂದೆ. ಡೀಸೆಲ್ ಸೇರಿ ಮೂರು ಸಾವಿರದ ಇನ್ನೂರಕ್ಕೆ ಒಪ್ಪಿದರು. ಇವತ್ತಿಗೂ ಅದೇ ಗಾಡಿ. ಒಂದು ದಿನವೂ ಹನ್ನೆರಡೂವರೆ ದಾಟಿಸಿಲ್ಲ.

ಎರಡನೇ ವರ್ಷ ಸಕ್ರೆಬೈಲು ಮತ್ತು ಮಂಡಗದ್ದೆ, ಇವೆರಡೇ. ಮೊದಲು ಮಂಡಗದ್ದೆ, ವಾಪಸ್ ಬರುವಾಗ ಆನೆ ಸ್ನಾನ. ಗಾಜನೂರು ಹಿನ್ನೀರಿಗೆ ಆನೆ ಇಳಿಯುವ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆವು. ನಷ್ಟವೇನೂ ಆಗಲಿಲ್ಲ, ಲಾಭವೂ ಇರಲಿಲ್ಲ. ಆದರೆ ನನಗೆ ಸಮಾಧಾನವಿರಲಿಲ್ಲ. ಹಕ್ಕಿ ಮುಂದೆ ನಿಂತ ಐದು ನಿಮಿಷಕ್ಕೇ ಮಕ್ಕಳು "ಆನೆ ಯಾವಾಗ, ಆನೆ ಯಾವಾಗ" ಎಂದು ಶುರು ಮಾಡುತ್ತಿದ್ದರು. ಮುಂದೆ ಆನೆ ಇದೆ ಎಂದು ಗೊತ್ತಿದ್ದರೆ ಯಾವ ಹಕ್ಕಿಯೂ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದಿಡೀ ಸೀಸನ್ ಬೇಕಾಯಿತು. ಈಗ ಸಕ್ರೆಬೈಲಿಗೆ ಬೇರೆಯದೇ ಭಾನುವಾರ. ಮಂಡಗದ್ದೆ ಟ್ರಿಪ್‌ನಲ್ಲಿ ಆನೆಯ ಮಾತೇ ಎತ್ತಬಾರದು ಎಂದು ಡ್ರೈವರ್‌ಗೂ ಹೇಳಿಟ್ಟಿದ್ದೇನೆ.

ದಾರಿ ಸಿಕ್ಕಿದ್ದು ಆ ವರ್ಷದ ಕೊನೆಯ ಟ್ರಿಪ್‌ನಲ್ಲಿ. ಒಬ್ಬ ಹುಡುಗ, ಆರನೇ ಕ್ಲಾಸ್ ಇರಬಹುದು, ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಬಿಟ್ಟುಕೊಡಲೇ ಇಲ್ಲ. ಏನೆಂದು ನೋಡಿದರೆ ಒಂದು ನೀರುಕಾಗೆ ಪಕ್ಕದ ಗೂಡಿನಿಂದ ಕಡ್ಡಿ ಕದಿಯುತ್ತಿತ್ತು. ಮಾಲೀಕ ಹಕ್ಕಿ ಅತ್ತ ತಿರುಗಿದರೆ ಸಾಕು, ಒಂದು ಕಡ್ಡಿ ಮಾಯ. ಹುಡುಗ ಲೆಕ್ಕ ಇಟ್ಟಿದ್ದ: ಇಪ್ಪತ್ತು ನಿಮಿಷದಲ್ಲಿ ಏಳು. ಮನೆಗೆ ಹೋಗುವವರೆಗೂ ಗಾಡಿಯಲ್ಲಿ ಅದೇ ಮಾತು. ಅಷ್ಟೂ ದಿನ ನಾನು ನಡುಗಡ್ಡೆಯ ಸಾವಿರಾರು ಹಕ್ಕಿಯನ್ನು ಒಟ್ಟಿಗೆ ತೋರಿಸುತ್ತಿದ್ದೆ. ಎಲ್ಲ ಬೆಳ್ಳಗೆ ಕಾಣುತ್ತದೆ, ಫೋಟೋ ತೆಗೆದರೆ ಮುಗಿಯಿತು. ಈ ಹುಡುಗ ನೋಡಿದ್ದು ಒಂದೇ ಗೂಡು.

ಮೂರನೇ ವರ್ಷದಿಂದ ಮನೆಗೊಂದು ಗೂಡು ಹಂಚುತ್ತೇನೆ. ದಡದಿಂದ ನಡುಗಡ್ಡೆಯ ಫೋಟೋ ತೆಗೆದು, ಕೊಂಬೆ ಕೊಂಬೆಯ ಗೂಡಿಗೆ ನಂಬರ್ ಹಾಕಿ, ದೊಡ್ಡ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿದೆ. ಪ್ರತಿ ಮನೆಯವರಿಗೆ ಒಂದು ನಂಬರ್, ಒಂದು ಪೆನ್ಸಿಲ್, ಒಂದು ಕಾರ್ಡ್. ಕಾರ್ಡಿನಲ್ಲಿ ಆಗ ಬಂದದ್ದು, ಹೋದದ್ದು, ಕಡ್ಡಿ, ಜಗಳ, ಊಟ ಎಂದು ಐದು ಚೌಕದ ಮನೆ ಕೊರೆದಿದ್ದೆ. ನಲವತ್ತು ನಿಮಿಷ ಗೀಟು ಹಾಕುತ್ತಾ ಕೂರಬೇಕು. ಪೆನ್ ಕೊಡಬೇಡಿ, ಮಳೆಗೆ ಶಾಯಿ ಹರಿದು ಮೊದಲ ಬ್ಯಾಚಿನ ಕಾರ್ಡೆಲ್ಲ ನೀಲಿ ಮುದ್ದೆಯಾಗಿತ್ತು. ಬೆಳ್ಳಕ್ಕಿಯಲ್ಲೂ ನೀರುಕಾಗೆಯಲ್ಲೂ ಗಂಡು ಹೆಣ್ಣು ಎರಡೂ ಕಾವಿಗೆ ಕೂರುತ್ತವೆ. ಪಾಳಿ ಬದಲಾಗುವುದನ್ನು ಕಣ್ಣಾರೆ ನೋಡಿದ ಅಪ್ಪಂದಿರು ಆಮೇಲೆ ಮೊಬೈಲ್ ಜೇಬಿಗೆ ಹಾಕುತ್ತಾರೆ. ಹಾವಕ್ಕಿ ಗೂಡು ಸಿಕ್ಕವರಿಗೆ ಬೇರೆ ಖುಷಿ, ನೀರಿನಿಂದ ಕತ್ತು ಮಾತ್ರ ಮೇಲೆದ್ದು ಬರುವುದನ್ನು ನೋಡಿ ಹಾವೆಂದೇ ಕಿರುಚಿದವರಿದ್ದಾರೆ.

ಯಾವ ಗೂಡು ಆರಿಸಬೇಕು ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ. ದಡದಲ್ಲಿ ಜನರನ್ನು ಎಲ್ಲಿ ಕೂರಿಸುತ್ತೇನೆ ಎಂಬುದೂ ಹಾಗೇ. ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಅವು ಸಿಗಲು ನನಗೆ ಎರಡು ಮಳೆಗಾಲ ಹಿಡಿದಿದೆ. ಒಂದು ಸುಳಿವು ಕೊಡಬಲ್ಲೆ: ಹತ್ತಿರದ ಗೂಡೇ ಒಳ್ಳೆಯ ಗೂಡಲ್ಲ.

ಹಣ ಹುಟ್ಟಿದ್ದು ಮರುಭೇಟಿಯಿಂದ. ಮೊಟ್ಟೆ ಮೂರು ವಾರದ ಆಸುಪಾಸಿನಲ್ಲಿ ಮರಿಯಾಗುತ್ತದೆ. "ನಿಮ್ಮ ಗೂಡು ಏನಾಯ್ತು ನೋಡೋಕೆ ಬರ್ತೀರಾ?" ಎಂದು ಕೇಳಿದರೆ ಮಕ್ಕಳೇ ಮನೆಯವರನ್ನು ಎಳೆದುಕೊಂಡು ಬರುತ್ತಾರೆ. ಒಂದು ಭೇಟಿಗೆ ತಲಾ 450, ಮೂರು ಭೇಟಿಗೆ ಒಟ್ಟಿಗೆ 1,200 ಇಟ್ಟೆ. ಅರ್ಧಕ್ಕಿಂತ ಹೆಚ್ಚು ಜನ ಮೂರನ್ನೂ ತಗೊಂಡರು. ಜಾಹೀರಾತಿಗೆ ಸುರಿದ ದುಡ್ಡೆಲ್ಲ ಈ ಒಂದು ಮಾತಿನ ಮುಂದೆ ವ್ಯರ್ಥ.

ಆದರೆ ಹೊಳೆಯ ಲೆಕ್ಕ ಬೇರೆ. ಆ ಮೂರನೇ ವರ್ಷ ಆಗಸ್ಟ್‌ನಲ್ಲಿ ಒಂದು ವಾರ ಜಡಿಮಳೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ಮಂಟಪ ಮುಳುಗಿತು. ಮಂಟಪ ಮುಳುಗಿದರೆ ತುಂಗೆ ತುಂಬಿದಳು ಎಂದು ನಮಗೆಲ್ಲ ಗೊತ್ತು, ಜನ ಸೇತುವೆ ಮೇಲೆ ನಿಂತು ನೋಡುತ್ತಾರೆ. ನಾನೂ ನೋಡಿದೆ, ಮಂಡಗದ್ದೆಯ ಕೆಳಗಿನ ಕೊಂಬೆಗಳು ನನಗೆ ಹೊಳೆಯಲೇ ಇಲ್ಲ. ಮುಂದಿನ ಭೇಟಿಗೆ ಹೋದರೆ ನಾಲ್ಕು ನಂಬರಿನ ಗೂಡು ಕೊಚ್ಚಿಹೋಗಿದ್ದವು. ಹನ್ನೆರಡನೇ ಗೂಡಿನ ಹುಡುಗಿ ಕಾರ್ಡ್ ಹಿಡಿದು ಅತ್ತಳು. ಬೇರೆ ಗೂಡು ತೋರಿಸಿ ಅದೇ ಇದು ಎಂದು ಹೇಳಬಹುದಿತ್ತು, ಜೊತೆಗಿದ್ದವರೊಬ್ಬರು ಹಾಗೇ ಹೇಳಿ ಎಂದರು. ಹೇಳಲಿಲ್ಲ. ನೀರು ಸುತ್ತಲೂ ಇರುವುದರಿಂದಲೇ ಮಂಗ, ಬೆಕ್ಕು ಗೂಡಿಗೆ ಬರುವುದಿಲ್ಲ, ಅದೇ ನೀರು ಏರಿದರೆ ಹೀಗಾಗುತ್ತದೆ ಎಂದು ಇದ್ದದ್ದನ್ನೇ ಹೇಳಿದೆ. ಕಾರ್ಡಿನಲ್ಲಿ ಅವಳೇ "ಹೊಳೆ" ಎಂದು ಆರನೇ ಮನೆ ಕೊರೆದಳು. ಈಗ ಎಲ್ಲ ಕಾರ್ಡಿನಲ್ಲೂ ಆ ಮನೆ ಇದೆ. ಕೆಳಗಿನ ಕೊಂಬೆಗೆ ನಂಬರ್ ಹಾಕುವುದನ್ನು ಬಿಟ್ಟಿದ್ದೇನೆ.

ಸ್ಕೋಪ್ ವಿಷಯ. ಹಳೆಯದು, ಮುಂದಿನ ಗಾಜು 60 ಮಿ.ಮೀ., ಹದಿನಾಲ್ಕು ಸಾವಿರಕ್ಕೆ ಸಿಕ್ಕಿತ್ತು. ನಮ್ಮ ಮಳೆಗೆ ಸೆಪ್ಟೆಂಬರ್ ಹೊತ್ತಿಗೆ ಗಾಜಿನೊಳಗೆ ಬೂಷ್ಟು ಹಿಡಿಯಿತು. ಬೆಂಗಳೂರಿಗೆ ಕಳಿಸಿ ತೆಗೆಸಲು 2,800. ಅಲ್ಲಿಂದೀಚೆಗೆ ಟ್ರಿಪ್ ಮುಗಿದ ಕೂಡಲೇ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಜೆಲ್ ಒದ್ದೆಯಾದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮೊಬೈಲ್ ಕೂರಿಸಲು ಪಿವಿಸಿ ಕಪ್ಲರ್‌ಗೆ ಪ್ಲೈವುಡ್ ತುಂಡು ಅಂಟಿಸಿ ಹಿಡಿಕೆ ಮಾಡಿದೆ, ನೂರು ರೂಪಾಯಿಯೂ ಆಗಲಿಲ್ಲ. ಅಂಗಡಿಯ ಎರಡು ಸಾವಿರದ್ದಕ್ಕಿಂತ ಗಟ್ಟಿ.

ಮಳೆಗಾಲದಾಚೆ ಏನು ಮಾಡುವುದು ಎಂದು ಒಂದಷ್ಟು ಪ್ರಯೋಗ ಮಾಡಿದೆ. ತುಂಗೆ ಭದ್ರೆ ಸೇರುವ ಕೂಡ್ಲಿಗೆ ಡಿಸೆಂಬರ್ ಬೆಳಗಿನಲ್ಲಿ ಕರೆದೊಯ್ದೆ. ಜಾಗ ಚೆನ್ನ, ಜನರಿಗೂ ಹಿಡಿಸಿತು. ಆದರೆ "ತುಂಗಾ ಪಾನ" ಎಂದು ಹಿರಿಯರೊಬ್ಬರು ಬೊಗಸೆಗೆ ನೀರು ತಗೊಂಡಾಗ ನಾನೇ ಕೈ ಹಿಡಿದು ತಡೆಯಬೇಕಾಯಿತು. ನಮ್ಮ ಊರಿನ ಚರಂಡಿ ನೀರು ಸೇರಿದ ಮೇಲೆ ಹೊಳೆ ಅಲ್ಲಿಗೆ ಬರುವುದು. ಆ ಹೊತ್ತಿನ ಸಂಕಟ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳಲ್ಲಿ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ನೋಡಲು ಅದಕ್ಕಿಂತ ಚೆಂದ ಇಲ್ಲ, ಆದರೆ ದೋಣಿ ಖರ್ಚು ಸೇರಿದರೆ ಮಧ್ಯಮ ವರ್ಗದ ಮನೆಗೆ ಎಟುಕದು. ಎರಡು ಟ್ರಿಪ್‌ಗೆ ಐದು ಸಾವಿರ ಕಳಕೊಂಡು ನಿಲ್ಲಿಸಿದೆ. ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳನ್ನು ತೀರ್ಥಹಳ್ಳಿ, ಸಾಗರ ಕಡೆಯ ಕಾಡೊಳಗೆ ನಾನು ಇಳಿಸುವುದೇ ಇಲ್ಲ. ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ ಅದು. ಇದನ್ನು ಲೆಕ್ಕಿಸದೆ ಚಾರಣ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ವರ್ಷದ ಲೆಕ್ಕ, ನೆನಪಿನಿಂದ: ಒಂದು ಟ್ರಿಪ್‌ಗೆ ಹದಿನಾಲ್ಕು-ಹದಿನೈದು ಜನ, ಆರು ಸಾವಿರದ ಸುತ್ತ ಹಣ. ಗಾಡಿ ಮೂರು ಸಾವಿರದ ಇನ್ನೂರು, ಸಹಾಯಕ್ಕೆ ಬರುವ ಹುಡುಗನಿಗೆ ಐನೂರು, ತಿಂಡಿ ಏಳುನೂರು. ತಿಂಡಿ ಪಕ್ಕದ ಮನೆಯವರು ಮಾಡಿಕೊಡುವ ಕೊಟ್ಟೆ ಕಡುಬು, ಹಲಸಿನ ಎಲೆಯಾದ್ದರಿಂದ ತಟ್ಟೆಯೂ ಬೇಡ, ಕಸವೂ ಇಲ್ಲ. ಎಲ್ಲ ಕಳೆದು ಕೈಯಲ್ಲಿ ಮೂವತ್ತು ಸಾವಿರದ ಮೇಲೆ ಉಳಿದಿದೆ. ಮೊದಲ ವರ್ಷ ಹೋದದ್ದು ಹೆಚ್ಚೂಕಡಿಮೆ ಬಂದ ಹಾಗಾಯಿತು.

ಮುಂದಿನ ಜೂನ್ ಒಳಗೆ ಎರಡನೇ ಸ್ಕೋಪ್ ತಗೊಳ್ಳಬೇಕು; ಒಂದೇ ಸ್ಕೋಪಿನ ಮುಂದೆ ಐದು ಮನೆಯವರು ಸಾಲು ನಿಂತರೆ ಗೂಡಿನ ಮುಖ್ಯವಾದ ಜಗಳ ನೋಡಲು ತಪ್ಪಿಹೋಗುತ್ತದೆ. ಹಳೆಯದೇ ಸಾಕು, 60 ಮಿ.ಮೀ. ಸಾಕು. ಆದರೆ ಈ ಸಲ ಒಳಗೆ ಟಾರ್ಚ್ ಬಿಟ್ಟು ನೋಡದೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.